ಮನೆ ಹಿಡಿದು ಇರುವವನು

ಕೋಗಳಿ ಕಡೆಯ ಪಕ್ಕೀರಮ್ಮನಿಗೆ ಗಂಡನೆಂದರೆ ಮುಂಗಾರು ಮಳೆಯಿದ್ದ ಹಾಗೆ. ಬಂದಾಗ ಬಂದ, ಹೋದಾಗ ಹೋದ. ದೀಪಾವಳಿ ಮುಗಿಯಿತೆಂದರೆ ಉಚ್ಚಂಗೆಪ್ಪ ಕಂಬಳಿ ಹೆಗಲಿಗೇರಿಸಿ, ಕುರಿ ಹೊಡೆದುಕೊಂಡು ಹಲವಾಗಲು ಕಡೆಯ ಹೊಳೆದಂಡೆಗೆ ಹೊರಟುಬಿಡುತ್ತಿದ್ದ. ಅಲ್ಲಿ ಗದ್ದೆಯವರು ಗೊಬ್ಬರಕ್ಕೆಂದು ರಾತ್ರಿಯೆಲ್ಲ ಹೊಲದಲ್ಲಿ ಕುರಿ ತರುಬಿಸಿ ಮಲಗಿಸಿಕೊಳ್ಳುತ್ತಾರೆ. ಕುರಿ ಮಲಗಿದಲ್ಲೇ ಇವನೂ ಮಲಗಬೇಕು. ಮಗಳು ಡಿಗ್ರಿಗೆ ಬಂದರೂ ಸಂಸಾರ ಹೀಗೇ ನಡೆದಿತ್ತು.

ಆ ಮಗಳು ಕೀರ್ತನಾ ದಿನಾ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿ ಇಂಗ್ಲಿಷ್ ಓದುತ್ತಾಳೆ. ಒಂದು ಸಂಜೆ ಒಲೆಯ ಮುಂದೆ ಕೂತು, ಕ್ಲಾಸಿನಲ್ಲಿ ಕೇಳಿ ಬಂದದ್ದನ್ನು ಹೇಳಿದಳು. ಹಸ್ಬೆಂಡ್ ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ ಅಲ್ಲವಂತೆ. ಸಾವಿರ ವರ್ಷದ ಹಿಂದೆ ಉತ್ತರದ ಕಡಲು ದಾಟಿ ಬಂದು ಅಲ್ಲಿ ಬೇರೂರಿದ ಜನ ತಂದದ್ದಂತೆ. ಅವರ ಮಾತು, ಇಂಗ್ಲಿಷು, ಜರ್ಮನ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಆ ಜನರ ಮಾತಿನಲ್ಲಿ ‘ಹೂಸ್’ ಎಂದರೆ ಮನೆ, ‘ಬೋಂಡಿ’ ಎಂದರೆ ನೆಲೆಸಿರುವವನು.

“ಮೊದಲಿಗೆ ಅದಕ್ಕ ಗಂಡ ಅನ್ನೋ ಅರ್ಥನ ಇರಲಿಲ್ಲಂತವ್ವ. ಮನಿ ಹಿಡದು ಇರೋ ಯಜಮಾನ ಅಂತಿತ್ತಂತ. ಗಂಡ ಅನ್ನೋದು ಆಮ್ಯಾಲ ಬಂತಂತ.”

“ಹಂಗಾದ್ರ ಈ ಮನಿಗೆ ಹಸ್ಬೆಂಡು ನಾನ ಬಿಡು,” ಎಂದು ಪಕ್ಕೀರಮ್ಮ ನಕ್ಕಳು. ನಗುವುದರಲ್ಲೇ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ನಕ್ಕದ್ದೇನೋ ನಿಜ, ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಕಂಡರಿಯದ ದೇಶದ ಯಾವಳೋ ಹೆಂಗಸಿಗೆ ಮನೆಯಲ್ಲಿರುವ ಗಂಡ ಸಿಕ್ಕಿದ್ದನಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ತನ್ನ ಗಂಡನೂ ಹಾಗೆ ಇದ್ದಾನೆಂಬ ಅವಳ ಆಸೆಗೂ ಕಾರಣವಿತ್ತು. ನನ್ನ ಮೊಣಕಾಲು ಹಿಡಿದುಕೊಂಡಿದೆ, ಮಳೆಗೆ ಊರಿಗೆ ಬಂದವನೇ ಕುರಿಯನ್ನು ಅಣ್ಣನ ಮಗ ಮೈಲಾರೇಶನಿಗೆ ಒಪ್ಪಿಸಿ, ಇನ್ನು ಮನೆಯಲ್ಲೇ ಇದ್ದುಬಿಡುತ್ತೇನೆ ಎಂದು ಉಚ್ಚಂಗೆಪ್ಪ ಫೋನಿನಲ್ಲಿ ಮಾತು ಕೊಟ್ಟಿದ್ದ.

ಮಳೆಯೂ ಬಂತು, ಗಂಡನೂ ಬಂದ. ಪಕ್ಕೀರಮ್ಮ ಮನೆ ಸಾರಿಸಿ, ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಕೌದಿ ತೆಗೆದು ಒಳಗೆ ಹಾಸಿದಳು. ಆ ರಾತ್ರಿ ಮಳೆ ಬಿಡುವು ಕೊಟ್ಟಿತ್ತು. ಕುರಿ ಹಿತ್ತಲ ಬಯಲು ಹಟ್ಟಿಯಲ್ಲಿದ್ದವು, ಕಾವಲಿಗೆ ಮೈಲಾರೇಶ ಇದ್ದ. ಉಂಡು ಮಲಗಿದ ಉಚ್ಚಂಗೆಪ್ಪ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳಿದ. ಕೊನೆಗೆ ಎದ್ದು ಕೂತ.

“ಒಳಗ ಕುರಿ ಉಸುರು ಕೇಳವಲ್ದಲೇ. ನಿದ್ದಿನ ಹತ್ತವಲ್ದು,” ಎಂದು ತಪ್ಪು ಮಾಡಿದವನಂತೆ ಹೇಳಿ, ಕಂಬಳಿ ಹೊದ್ದು ಹಟ್ಟಿಗೆ ನಡೆದ.

ಹಿತ್ತಲಿನಷ್ಟು ದೂರವನ್ನೇ ತಾಳಲಾರದವನು ದೀಪಾವಳಿಗೆ ಕುರಿಯನ್ನಷ್ಟೇ ಕಳಿಸಿ ಕೂರುತ್ತಾನೆಯೇ? ಪಕ್ಕೀರಮ್ಮನಿಗೆ ಎಲ್ಲ ತಿಳಿದುಹೋಯಿತು. ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಕೌದಿ ಸುತ್ತಿಕೊಂಡು ತಾನೂ ಹಟ್ಟಿಗೆ ಹೋಗಿ ಅವನ ಮಗ್ಗುಲಿಗೆ ಹಾಸಿದಳು. ಅವನಾಗಲೇ ಗೊರಕೆ ಹೊಡೆಯುತ್ತಿದ್ದ.

ಮೇಲೆ ಸೂರಿಲ್ಲದೆ ಅವಳಿಗೆ ಒಂದು ಕ್ಷಣವೂ ಕಣ್ಣು ಹತ್ತಲಿಲ್ಲ. ಆದರೂ ಬೆಳಗಾಗುವವರೆಗೆ ಎದ್ದು ಒಳಗೆ ಹೋಗಲಿಲ್ಲ.