ನಮ್ಮದೇ ಅಚ್ಚಿನ ಮುಖ

ಮುಂಬೈ ಪಕ್ಕದ ಥಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಗೊಂಬೆ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಮಾಡುತ್ತಿದ್ದೆ. ನನ್ನ ಪಕ್ಕ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದವಳು ವಿಜಾಪುರದ ಕಡೆಯ ಅಕ್ಕ, ಹತ್ತಿರದ ದಿವಾದಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದಳು. ಧಣಿಗಳು ನಮ್ಮ ಉಡುಪಿಯವರೇ. ಎರಡು ಸಾವಿರದ ದಶಕ ಅರ್ಧ ಕಳೆಯುವಷ್ಟರಲ್ಲಿ ಚೀನಾದ ಗೊಂಬೆಗಳು ಮಾರುಕಟ್ಟೆ ತುಂಬಿದವು. ಒಂದು ಮಳೆಗಾಲ ಧಣಿಗಳು ಯಂತ್ರಗಳನ್ನೆಲ್ಲ ಮಾರಿ, ಅಲ್ಲಿಂದಲೇ ಸಿದ್ಧ ಗೊಂಬೆ ತರಿಸತೊಡಗಿದರು. ಅವುಗಳ ಡಬ್ಬಿಗೆ ನಮ್ಮ ಲೇಬಲ್ ಅಂಟಿಸಲು ನಾವಿಬ್ಬರೇ ಉಳಿದೆವು. ಯಂತ್ರಗಳಿಲ್ಲದ ಆ ಶೆಡ್ಡಿನಲ್ಲಿ ನಮ್ಮ ಚಪ್ಪಲಿಯ ಸದ್ದಿಗೇ ನಾವು ತಿರುಗಿ ನೋಡುತ್ತಿದ್ದೆವು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಹೊಸ ಪೆಟ್ಟಿಗೆಗಳ ರಾಶಿಯೊಳಗಿಂದ ಒಂದು ಮಗು ಏನೋ ಹೇಳಿತು. ಅರ್ಥವಾಗದ ಭಾಷೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಪೆಟ್ಟಿಗೆಯಿಂದ ಅದೇ ಮಾತು, ಅದೇ ದನಿ. ಆಮೇಲೆ ಗೋಡೆಯ ಬದಿಯಿಂದ ಎಷ್ಟೋ ದನಿಗಳು ಒಟ್ಟಿಗೆ.

"ಹೊಟ್ಟಿ ಒತ್ತಿದ್ರ ಮಾತಾಡೋ ಗೊಂಬಿ ಇರಬೇಕು. ಮ್ಯಾಲಿನ ಪೆಟ್ಟಿಗಿ ಭಾರ ಬಿದ್ದೈತಿ," ಅಂತ ಅಕ್ಕ ಅಂದಳು. ಹಾಗನ್ನುತ್ತಲೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಪೆಟ್ಟಿಗೆ ಒಡೆದು ಒಂದು ಗೊಂಬೆ ಎತ್ತಿಕೊಂಡವಳು ಅದರ ಕಿವಿಯ ಹಿಂದೆ ಬೆರಳಾಡಿಸಿದಳು. ನಮ್ಮ ಹಳೆಯ ಅಚ್ಚಿನಲ್ಲಿ ಕಿವಿಯ ಹಿಂದೆ ಒಂದು ಬಿರುಕಿತ್ತು. ನಾವು ಮಾಡಿದ ಪ್ರತಿ ಗೊಂಬೆಗೂ ಅಲ್ಲಿ ಕೂದಲೆಳೆಯಷ್ಟು ಗೆರೆ ಮೂಡುತ್ತಿತ್ತು. ಇದಕ್ಕೂ ಅದೇ ಗೆರೆ. ಅದೇ ಗಲ್ಲ, ಅದೇ ನಗು. ಕಣ್ಣು ಮಾತ್ರ ಬೇರೆ ಯಾರೋ ಬರೆದದ್ದು.

"ಯವ್ವಾ, ಇದು ನಮ್ಮ ಗೊಂಬಿ!"

ನಾನು ಧಣಿಗಳನ್ನೇ ಕೇಳಿದೆ.

"ಹೌದು ಮಾರಾಯ್ತಿ, ಅಚ್ಚನ್ನೂ ಅವರಿಗೇ ಕೊಟ್ಟೆ," ಎಂದರು. "ನಾನು ಹೋಗಿ ನೋಡಿದ್ದೇನೆ. ಅಲ್ಲಿ ಒಂದು ಊರಿಗೆ ಊರೇ ಗೊಂಬೆ ಮಾಡುವುದು. ಪಕ್ಕದ ಊರಲ್ಲಿ ಬರೀ ಅಂಗಿಯ ಗುಂಡಿ, ಅದರಾಚೆ ಬರೀ ಕಾಲುಚೀಲ. ರಸ್ತೆ, ಬಂದರು, ಕರೆಂಟು ಎಲ್ಲ ಸರ್ಕಾರವೇ ಮುಂದೆ ನಿಂತು ಮಾಡಿಕೊಟ್ಟದ್ದು. ನಾವು ಎಂತ ಮಾಡುವುದು ಹೇಳು?" ಮತ್ತೆ ಹೇಳಿದರು: "ಆ ಗೊಂಬೆ ಊರಲ್ಲಿ ಇಡೀ ದಿನ ಸುತ್ತಿದೆ. ಒಂದು ಮಗುವೂ ಕಾಣಲಿಲ್ಲ. ದುಡಿಯುವವರೆಲ್ಲ ಮಕ್ಕಳನ್ನು ದೂರದ ಹಳ್ಳಿಗಳಲ್ಲಿ ಅಜ್ಜಿಯರ ಹತ್ತಿರ ಬಿಟ್ಟು ಬಂದವರಂತೆ."

ಮರುದಿನ ಅಕ್ಕ ಬರಲಿಲ್ಲ. ದಿವಾದ ಅವಳ ಬಾಡಿಗೆ ಖೋಲಿಗೇ ಹೋದೆ.

"ಹೊಟ್ಟ್ಯಾಗ ಹುಟ್ಟಿದ ಕೂಸು ಯಾರದೋ ಮಾತು ಕಲ್ತು ಬಂದಂಗ ಆತು ನನಗ," ಎಂದಳು. "ಅದಕ್ಕ ನಾ ಚೀಟಿ ಅಂಟಸೂದಿಲ್ಲ." ಮುಂದೆ ಅವಳು ಮನೆಯಲ್ಲೇ ರೊಟ್ಟಿ ಬಡಿದು ಮಾರಿದಳು.

ನಾನು ದೀಪಾವಳಿಯವರೆಗೆ ಅಲ್ಲಿ ಒಬ್ಬಳೇ ಇದ್ದೆ. ಒಂದರ ಮೇಲೊಂದು ಪೆಟ್ಟಿಗೆ ಪೇರಿಸದೆ ನೆಲದ ಮೇಲೇ ಹರಡಿಡುತ್ತಿದ್ದೆ. ಆದರೂ ದನಿ ಬರುತ್ತಿತ್ತು. ಕೊನೆಗೆ ಕೆಲಸ ಬಿಟ್ಟು, ಥಾಣೆಯಾಚೆಯ ಕಲ್ಯಾಣದಲ್ಲಿ ಗಂಡನ ಹೋಟೆಲಿನ ಅಡುಗೆಮನೆ ಸೇರಿದೆ. ಮುಂದಿನ ವರ್ಷ ಚೀನಾದವರೇ ಇಲ್ಲಿನ ಅಂಗಡಿಗಳಿಗೆ ನೇರವಾಗಿ ಮಾಲು ಕಳಿಸತೊಡಗಿದರು. ಧಣಿಗಳ ಲೇಬಲ್ಲೂ ಯಾರಿಗೂ ಬೇಡವಾಯಿತು. ಶೆಡ್ಡಿಗೆ ಬೀಗ ಬಿತ್ತು.