ಊರೂರು ಸುತ್ತಿದ ಹಸೆಮಣೆ

ಇವತ್ತು ಮಾಡಿದ ಕೆಲಸಗಳು: ಹಾಲು ಕಾಯಿಸಿದೆ. ಒಂಬತ್ತು ಕಪ್ಪು ಟೀ ಶರ್ಟುಗಳ ಒಳಮಗ್ಗುಲು ಹೊರಗೆ ಮಾಡಿ, ಬಣ್ಣ ಹೋಗದಿರಲೆಂದು ಉಪ್ಪುನೀರಲ್ಲಿ ನೆನೆಸಿ ಒಗೆದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಅವರೆಕಾಯಿ ತಂದು ಸುಲಿದೆ. ಗಂಡನ ಕಿವಿಗೆ ಮೆಷೀನು ಹಾಕಿದೆ, ಅವರು ತೆಗೆದಿಟ್ಟರು, ಮತ್ತೆ ಹಾಕಿದೆ. ಹತ್ತು ಗಂಟೆಗೆ ಮನೆಗೆ ವಾಪಸು ಬಂದ ನಮ್ಮ ಮದುವೆಯ ಹಸೆಮಣೆಯನ್ನು ಸೀಗೆಪುಡಿ ಹಾಕಿ ಉಜ್ಜಿ, ತೊಳೆದು, ಟೆರೇಸಿನ ಬಿಸಿಲಿಗೆ ಒರಗಿಸಿದೆ.

ನನ್ನ ಗಂಡ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾರೆ. ಬಾರಿಸುತ್ತಿದ್ದರು ಎಂದು ಬರೆಯಲು ಕೈ ಇನ್ನೂ ಬಗ್ಗಿಲ್ಲ. ಬ್ಯಾಂಡಿನಲ್ಲಿ ನಾಲ್ಕು ಜನ: ಹಾಡುವವರು, ಗಿಟಾರಿನವರು, ಬೇಸ್ ಗಿಟಾರಿನವರು ಮತ್ತು ಇವರು. ಕಾಲೇಜಿನಲ್ಲಿ ಶುರು ಮಾಡಿದ್ದು. ಕಾಲೇಜು ಮುಗಿಯಿತು ಅಂತ ಆಮೇಲೆ ಅವರಿಗೆ ಯಾರೂ ಹೇಳಲಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲೆ ದೇಶವೆಲ್ಲ ಸುತ್ತಿದರು. ಮೊದಮೊದಲು ರೈಲಿನಲ್ಲಿ. ಕೃಷ್ಣರಾಜಪುರದಲ್ಲಿ ರೈಲು ನಿಲ್ಲುವ ಎರಡೇ ನಿಮಿಷದಲ್ಲಿ ಡ್ರಮ್ಮುಗಳನ್ನು ಒಂದೊಂದಾಗಿ ಬೋಗಿಯೊಳಗೆ ದಾಟಿಸಬೇಕು. ಒಮ್ಮೆ ಎದುರು ಸೀಟಿನವರು, "ಮದ್ವೆ ಪಾರ್ಟಿನಾ ಸಾರ್? ನಾದಸ್ವರದವ್ರು ಯಾವ ಬೋಗಿ?" ಎಂದು ಕೇಳಿದರಂತೆ. ಹಾಡುವವರು ಕಾಟ್ಪಾಡಿ ಬರುವವರೆಗೂ ಬಾಯಿ ಬಿಡಲಿಲ್ಲವಂತೆ. ಇವರ ಸಂಗೀತಯಾತ್ರೆಯಲ್ಲಿ ಅಷ್ಟು ಹೊತ್ತು ನಿಶ್ಶಬ್ದ ಇದ್ದದ್ದು ಅದೊಂದೇ ಸಲ.

ವೇದಿಕೆಯ ಮೇಲೆ ಜಗತ್ತನ್ನೇ ಸುಟ್ಟುಬಿಡುತ್ತೇನೆಂದು ಕಿರುಚುವ ಇದೇ ಹಾಡುವವರು ಗುವಾಹಟಿಯಿಂದ ನನಗೆ ಫೋನು ಮಾಡಿ, "ಅತ್ತಿಗೆ, ಓಂಕಾಳಿನ ಡಬ್ಬಿ ಯಾವ ಬ್ಯಾಗಲ್ಲಿಟ್ರಿ? ಎದೆ ಉರೀತಿದೆ" ಎನ್ನುತ್ತಿದ್ದರು. ಗಿಟಾರಿನವರಿಗೆ ಸೊಂಟದ ಬೆಲ್ಟು, ಬೇಸಿನವರಿಗೆ ಮಂಡಿಗೆ ಎಣ್ಣೆ. ಎಲ್ಲವನ್ನೂ ಹೆಸರು ಬರೆದು ಕಟ್ಟಿ ಕೊಡುತ್ತಿದ್ದವಳು ನಾನು. ಅವರು ಊರು ಸೇರಿ, "ಸೇರಿದ್ವಿ ಕಣೇ" ಎಂದು ಇವರ ಫೋನು ಬರುವ ತನಕ ನನಗೆ ನಿದ್ದೆ ಇಲ್ಲ. ರಾಕ್ ಸಂಗೀತದ ಬಂಡಾಯವೆಂದರೆ ಇದೇ ಇರಬೇಕು.

ಎರಡು ವರ್ಷದ ಹಿಂದೆ ಇವರು ಅಟ್ಟದಿಂದ ಹಸೆಮಣೆ ಇಳಿಸಿದರು. ಹಲಸಿನ ಮರದ್ದು, ಇಬ್ಬರೂ ಕೂತು ಧಾರೆ ಎರೆಸಿಕೊಂಡದ್ದು. ಅವತ್ತು ಪುರೋಹಿತರು ಮಂತ್ರ ಹೇಳುತ್ತಿದ್ದರೆ ಇವರು ಅದರ ಅಂಚಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಗಾಬರಿ ಪಾಪ ಅಂದುಕೊಂಡಿದ್ದೆ.

"ಯಾಕ್ರೀ ಇದು?" ಎಂದೆ.

"ಟೂರಿಗೆ ತಗೊಂಡ್ಹೋಗ್ತೀನಿ. ಲಕ್ಕಿಗೆ."

ಈ ವಯಸ್ಸಿನಲ್ಲಿ ಈ ಪ್ರೀತಿಯೇ ಎಂದು ಉಬ್ಬಿಹೋದೆ. ತಂಗಿಗೂ ಫೋನು ಮಾಡಿ ಹೇಳಿಕೊಂಡೆ. ಪ್ರತಿ ಸಲವೂ ಮಣೆ ಒಂದು ತುದಿಯಲ್ಲಿ ಬೂಟಿನ ಗುರುತು ಹೊತ್ತು ಬರುತ್ತಿತ್ತು. ಅದೃಷ್ಟ ಬೂಟು ಹಾಕಿಕೊಂಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಜ ಗೊತ್ತಾದದ್ದು ಕುಕ್ಕರಿನಿಂದ. ಕಳೆದ ತಿಂಗಳು, ಮೂರು ವಿಷಲ್ಲಿಗೆ ಆರಿಸಿ ಎಂದು ಹೇಳಿ ಮಾರ್ಕೆಟ್ಟಿಗೆ ಹೋಗಿದ್ದೆ. ವಾಪಸು ಬಂದಾಗ ಮೇಲಿನ ಮನೆಯವರು ನಮ್ಮ ಬಾಗಿಲು ಬಡಿಯುತ್ತಿದ್ದರು, "ಹನ್ನೊಂದು ವಿಷಲ್ ಆಯ್ತು ರೀ, ಒಳಗೆ ಯಾರಾದ್ರೂ ಇದ್ದೀರಾ?" ಒಳಗೆ ಇವರು ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ಬೇಳೆ ತಳ ಹಿಡಿದಿತ್ತು.

ಇಂದಿರಾನಗರದ ಕಿವಿ ಡಾಕ್ಟರು ಸುತ್ತುಬಳಸಲಿಲ್ಲ. ಎಡಗಿವಿ ಹೋಗಿದೆ. ಬಲಗಿವಿ ಅರ್ಧ ಇದೆ. ಅದು ಉಳಿಯಬೇಕಾದರೆ ಡ್ರಮ್ಸ್ ಬಿಡಬೇಕು.

ಇವರು ಆಟೋದಲ್ಲಿ ನನ್ನ ಕೈ ಹಿಡಿದು, "ಅವರಿಗೆ ಹೇಳ್ಬೇಡ. ಗೊತ್ತಾದ್ರೆ ನನ್ನ ಕಥೆ ಮುಗೀತು" ಎಂದರು. ಮಾತು ಕೊಟ್ಟೆ. ಎರಡು ವಾರ ಆ ಮಾತು ಉಳಿಸಿಕೊಂಡೆ. ಮೂರನೇ ಭಾನುವಾರ ರಿಪೋರ್ಟನ್ನು ಚಿತ್ರಾನ್ನದ ಡಬ್ಬಿಯ ಕೆಳಗಿಟ್ಟು, ಬೈಯಪ್ಪನಹಳ್ಳಿಯಲ್ಲಿ ಅವರು ಪ್ರಾಕ್ಟೀಸ್ ಮಾಡುವ ಶೆಡ್ಡಿಗೆ ಹೋದೆ. ಹದಿನಾಲ್ಕು ಊರಿನ ಟೂರು ಎದುರಿಗಿತ್ತು. ಬ್ಯಾಂಡು ಇರಲಿ, ಹೋಗಲಿ, ಆ ಅರ್ಧ ಕಿವಿ ನನಗೆ ಬೇಕಿತ್ತು.

ಡ್ರಮ್ಸ್ ಮುಂದೆ ಕೂತಿದ್ದ ಇವರೆದುರೇ ರಿಪೋರ್ಟು ಓದಿ ಹೇಳಿದೆ. ಗಿಟಾರಿನವರು ಶ್ರುತಿ ಮಾಡಿದ್ದ ತಂತಿಯನ್ನೇ ಮತ್ತೆ ಶ್ರುತಿ ಮಾಡತೊಡಗಿದರು. ಹಾಡುವವರು ಕೆಮ್ಮಿದರು.

"ಅತ್ತಿಗೆ, ಅದು ನಮಗೆ ಗೊತ್ತೇ ಇದೆ."

ಡ್ರಮ್ಸಿನ ಸ್ಟೂಲಿನ ಕಡೆ ಕೈ ತೋರಿಸಿದರು. ನನ್ನ ಹಸೆಮಣೆ ನೆಲದ ಮೇಲಿತ್ತು. ಒಂದು ತುದಿಯಲ್ಲಿ ನನ್ನ ಗಂಡನ ಎಡ ಹಿಮ್ಮಡಿ; ಇನ್ನೊಂದು ತುದಿಯಲ್ಲಿ ಬೇಸಿನವರ ಬೂಟು. ಅವರು ಅಲ್ಲಿ ತುಳಿದು ತಾಳದ ಲೆಕ್ಕ ಹಾಕುವುದು, ಇವರು ಇಲ್ಲಿ ಕಾಲಿನಲ್ಲಿ ಕೇಳಿಸಿಕೊಂಡು ಬಾರಿಸುವುದು. ಎರಡು ವರ್ಷ, ಸಾವಿರಾರು ಜನರ ಮುಂದೆ. ಅದು ಬೇಸಿನವರ ಹಳೆಯ ಚಾಳಿ, ಅವರಿಗೇನೂ ಗೊತ್ತಿಲ್ಲ ಎಂದೇ ಇವರು ನಂಬಿದ್ದರು. ಇವರು ಗುಟ್ಟೆಂದುಕೊಂಡದ್ದು ನನ್ನೊಬ್ಬಳಿಗೆ ಮಾತ್ರ ಗುಟ್ಟಾಗಿತ್ತು.

"ಇದೊಂದ್ ಟೂರ್ ಮುಗಿಸ್ಬಿಡೋಣ ಅತ್ತಿಗೆ. ಹದಿನಾಲ್ಕೇ ಶೋ. ಹೆಂಗೂ ಮಣೆ ಇದ್ಯಲ್ಲ," ಎಂದರು ಹಾಡುವವರು.

"ಮಣೆ ನಂದು. ಕಿವಿ ಯಾರ್ದು?" ಎಂದೆ.

ಬೇಸಿನವರು ಮೆಲ್ಲಗೆ ಮಣೆಯಿಂದ ಕಾಲು ತೆಗೆದರು. ತಲೆ ತಗ್ಗಿಸಿಕೊಂಡೇ, "ನಾನಿನ್ನು ತುಳಿಯಲ್ಲ ಗುರು" ಎಂದರು.

ನನ್ನ ಗಂಡ ನನ್ನ ಕಡೆ ತಿರುಗಿದರು. "ಏನಂದ ಅವ್ನು?"

ಅದನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುವ ಕೆಲಸ ನನ್ನದಾಯಿತು. ಎಲ್ಲರಿಗೂ ಅವರವರ ಗುಳಿಗೆ ಹಂಚುವವಳು ನಾನೇ ತಾನೆ.

ಶಿವಾಜಿನಗರದಿಂದ ಒಬ್ಬ ಹೊಸ ಡ್ರಮ್ಮರ್ ಸಿಕ್ಕಿದರು. ಇವರ ಕಿವಿಗೆ ಮೆಷೀನು ಬಂತು. ಪಾರ್ಕಿನಲ್ಲಿ ಕೂರುವ ತಾತಂದಿರು ಹಾಕುವಂಥದ್ದು ಎಂದು ಮೂಗು ಮುರಿದರು. ಪಾರ್ಕಿನ ತಾತಂದಿರಿಗೆ ಇವರಿಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದೆ. ಇವರು ಬೇಸಿನವರ ಫೋನನ್ನು ಮಾತ್ರ ಎತ್ತಲಿಲ್ಲ.

ಇವತ್ತು ಹತ್ತಕ್ಕೆ ಬ್ಯಾಂಡಿನ ವ್ಯಾನು ಟೂರಿಗೆ ಹೊರಟು, ನಮ್ಮ ಮನೆ ಮುಂದೆ ನಿಂತಿತು. ಹಿಂದೆ ತರಕಾರಿ ಆಟೋದವನು ಹಾರ್ನು ಒತ್ತಿ ಹಿಡಿದ. ಬೇಸಿನವರು ಬೆಡ್‌ಶೀಟಿನಲ್ಲಿ ಸುತ್ತಿದ ಮಣೆ ಹೊತ್ತು ಮೆಟ್ಟಿಲು ಹತ್ತಿ ಬಂದರು, ಮಂಡಿ ಹಿಡಿದುಕೊಂಡು.

"ಅತ್ತಿಗೆ, ನಿಮ್ಮದು."

ನನ್ನ ಗಂಡ ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದರು.

"ಹೋಗ್ಬರ್ತೀನಿ ಮಗಾ," ಎಂದರು ಬೇಸಿನವರು.

ಮೆಷೀನು ಕಿವಿಯಲ್ಲಿತ್ತು, ನಾನೇ ಹಾಕಿದ್ದೆ. ಬೇಸಿನವರು ಮಣೆಯನ್ನು ಕುರ್ಚಿಯ ಕಾಲಿಗೆ ತಾಗಿಸಿ ನೆಲಕ್ಕಿಟ್ಟು, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ನಾಲ್ಕು ಸಲ ತುಳಿದರು. ಕುರ್ಚಿಯ ಕೈ ಮೇಲೆ ಇವರ ಬೆರಳು ಅಲುಗಿತು.

"ಫಾಸ್ಟಾಯ್ತು," ಎಂದರು, ತಿರುಗದೆಯೇ. "ಹೊಸಬ ತಾಳದಲ್ಲಿ ಓಡ್ತಾನೆ ಅಂತ ಕೇಳಿದೀನಿ. ಹಿಡ್ಕೋ ಅವನ್ನ."

"ಸರಿ ಗುರು."

ಓಂಕಾಳಿನ ಡಬ್ಬಿ ಕೊಟ್ಟು ಕಳಿಸಿದೆ. ಹೋಗುವವರು ಹೋಗುತ್ತಾರೆ, ಎದೆಯುರಿ ಬಿಡುತ್ತದೆಯೇ.

ಆಮೇಲೆ ಕಾಳನ್ನು ಕುಕ್ಕರಿನಲ್ಲಿ ಬೇಯಲಿಟ್ಟೆ. ಮುದ್ದೆಗೆ ಎಸರಿಡುತ್ತಿದ್ದಾಗ ಇವರು ಕೂತಲ್ಲಿಂದಲೇ, "ಮೂರಾಯ್ತು, ಆರ್ಸು" ಎಂದು ಕೂಗಿದರು. ಎರಡೇ ಆಗಿತ್ತು. ಆರಿಸಿದೆ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು, ಒಂದೊಂದು ಲೋಟ ಮಜ್ಜಿಗೆ. ಕಾಳು ಸ್ವಲ್ಪ ಗಟ್ಟಿ ಇತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಇವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಬ್ಯಾಂಡಿನವರು ಊರು ಸೇರಿದರೆಂಬ ಸುದ್ದಿಗೆ ಕಾಯುತ್ತ. ಈ ಸಲ ಮೊದಲು ನಿದ್ದೆ ಹೋದವಳು ನಾನು.