ನೆಲಕ್ಕೆ ತಾಗದ ಹಿಮ್ಮಡಿ

ಮೈಸೂರಿನಿಂದ ಬೆಳಿಗ್ಗೆ ಹೊರಟ ಸರಕಾರಿ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಕಾಲಿಡಲು ಜಾಗವಿಲ್ಲದೆ ಮಂಡಿ ಎದೆಗೆ ಬರುತ್ತಿತ್ತು. ಹುಣಸೂರು ದಾಟುವವರೆಗೂ ಸೆಕೆ. ಆನೆಚೌಕೂರಿನ ಗೇಟು ಕಳೆದು ಕಾಡು ಶುರುವಾದ ಮೇಲೆ ಗಾಳಿ ತಣ್ಣಗಾಯಿತು. ಮೇ ತಿಂಗಳು, ಒಂದೆರಡು ಮಳೆ ಬಿದ್ದು ನಿಂತಿದ್ದರಿಂದ ರಸ್ತೆಯಂಚಿನಲ್ಲಿ ಹೊಸ ಹುಲ್ಲು ಚಿಗುರಿತ್ತು. ಪಕ್ಕದಲ್ಲಿ ಕೂತಿದ್ದವರು ನನ್ನನ್ನು ನೋಡಿದರು, ಮತ್ತೆ ನೋಡಿದರು, ಎಲ್ಲಿ ನೋಡಿದ್ದೆಂದು ಹೊಳೆಯದೆ ನಿದ್ದೆಹೋದರು. ಹೀಗೆ ಅರ್ಧ ಗುರುತಾಗುವುದು ನನಗೆ ಅಭ್ಯಾಸವಾಗಿದೆ. ಸಿನಿಮಾಗಳಲ್ಲಿ ನಾನು ಹಾಡಿಗೆ ಹೆಜ್ಜೆ ಕಲಿಸುವವನು. ಕೆಲವು ವರ್ಷಗಳಿಂದ ನಟನೂ ಹೌದು. ಹೆಚ್ಚಾಗಿ ನಾಯಕನ ಗೆಳೆಯ, ಮಧ್ಯಂತರಕ್ಕೆ ಮುಂಚೆ ಸಾಯುವವನು.

ಈ ಸಲ ಒಬ್ಬನನ್ನು ಹುಡುಕಿ ಒಂದು ಪ್ರಶ್ನೆ ಕೇಳಲು ಹೊರಟಿದ್ದೆ. ಮುಂದಿನ ತಿಂಗಳು ಮೈಸೂರಿನಲ್ಲಿ ನನ್ನ ಏಕವ್ಯಕ್ತಿ ಪ್ರದರ್ಶನವಿತ್ತು. ಬೀದಿಯಲ್ಲಿ ಕುಣಿಯುತ್ತಿದ್ದ ಹುಡುಗನೂ ನಾನೇ, ಅವನ ಅಪ್ಪನೂ ನಾನೇ. ಎಲ್ಲ ಸಿದ್ಧವಾಗಿತ್ತು, ಅಪ್ಪನ ಒಂದು ನಿಲುವನ್ನು ಬಿಟ್ಟು.

ನನ್ನ ಅಪ್ಪ ಗೋಣಿಕೊಪ್ಪಲಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಕೊಯ್ದು ತಂದ ಕಾಫಿ ಹಣ್ಣು ತೂಗಿಸುವುದು ಅವರ ಕೆಲಸ. ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಮನೆತನ. ಮಗ ಓದಿ ಮೇಷ್ಟ್ರಾಗಬೇಕೆಂಬ ಆಸೆ. ಮಗ ಮಾತ್ರ ಭಾನುವಾರದ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಮುಂದೆ ಲೈನ್‌ಮನೆಯ ಮುತ್ತನ ಜೊತೆ ಕುಣಿಯುತ್ತಿದ್ದ. ಮುತ್ತ ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿದ್ದ ಎರವ ಬುಡಕಟ್ಟಿನ ಹುಡುಗ, ನನಗಿಂತ ಚೂರು ದೊಡ್ಡವನು.

ಮೇ ತಿಂಗಳಲ್ಲಿ ಅಲ್ಲಿ ಕುಂಡೆ ಹಬ್ಬ ಬರುತ್ತದೆ. ಕಾಡಂಚಿನ ಹಾಡಿಗಳಿಂದಲೂ ಲೈನ್‌ಮನೆಗಳಿಂದಲೂ ಗಂಡಸರು ಸೀರೆ ಉಟ್ಟು, ಮುಖಕ್ಕೆ ಮಸಿ ಬಳಿದು, ಪ್ಲಾಸ್ಟಿಕ್ ಡಬ್ಬ ಬಡಿಯುತ್ತಾ ಬೀದಿಗಿಳಿಯುತ್ತಾರೆ. ಎದುರಿಗೆ ಸಿಕ್ಕವರು ಸಾಹುಕಾರರಿರಲಿ, ಪೊಲೀಸರಿರಲಿ, ಬಾಯಿಗೆ ಬಂದ ಹಾಗೆ ಬಯ್ದು ಕಾಸು ಕೇಳುತ್ತಾರೆ. ಆ ದಿನ ಯಾರೂ ಸಿಟ್ಟಾಗುವ ಹಾಗಿಲ್ಲ. ಕೊನೆಗೆ ದೇವರಪುರದ ಗುಡಿಗೆ ಹೋಗಿ ದೇವರನ್ನೂ ಬಯ್ದು, ತಪ್ಪಾಯಿತೆಂದು ಕಾಣಿಕೆ ಹಾಕಿದರೆ ಮುಗಿಯಿತು. ಹೈಸ್ಕೂಲಿನಲ್ಲಿದ್ದ ಒಂದು ವರ್ಷ ನಾನೂ ವೇಷ ಹಾಕಿಕೊಂಡು ಮುತ್ತನ ಗುಂಪಿಗೆ ಸೇರಿದ್ದೆ. ಎಸ್ಟೇಟಿನ ಜೀಪನ್ನು ಅಡ್ಡಗಟ್ಟಿದೆವು. ಒಳಗೆ ಅಪ್ಪ ಕೂತಿದ್ದರು.

"ಹಣ್ಣಲ್ಲಿ ಕಡ್ಡಿ ಉಂಟು ಅಂತ ತೂಕ ಕತ್ತರಿಸೋ ರೈಟ್ರೇ, ನಿಮ್ಮ ಮೂಗಲ್ಲೇ ಕಡ್ಡಿ ಉಂಟಲ್ಲ, ಅದನ್ಯಾರು ಕತ್ತರಿಸೋದು?" ಎಂದು ನಾನು ಕಿರುಚಿದೆ.

ಅಪ್ಪನಿಗೆ ನನ್ನ ಗುರುತು ಸಿಕ್ಕಿತೇ? ಅವರು ಆ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ಅಮ್ಮನನ್ನು ಕೇಳಬಹುದಿತ್ತು, ಅವರೂ ಹೋದರು. ನಾನು ಭಾಗವಹಿಸಿದ್ದ ಟಿವಿಯ ನೃತ್ಯಸ್ಪರ್ಧೆಯಲ್ಲಿ ನನ್ನ ಬದುಕನ್ನು ಚಿಕ್ಕದಾಗಿ ಚಿತ್ರಿಸಿ ತೋರಿಸಿದಾಗ ಅಪ್ಪನ ವೇಷದವರು ಜೀಪಿನಿಂದಿಳಿದು ನನ್ನ ವೇಷದವನನ್ನು ತಬ್ಬಿಕೊಂಡರು, ಹಿಂದೆ ಪಿಟೀಲು ನುಡಿಯಿತು. ಈಗ ಕಣ್ಣು ಮುಚ್ಚಿದರೆ ಆ ನಟನೇ ಬರುತ್ತಾರೆ. ನನ್ನ ನೆನಪಿನ ಜಾಗದಲ್ಲಿ ಅವರು ಬಾಡಿಗೆಗೆ ಕೂತುಬಿಟ್ಟಿದ್ದಾರೆ. ತಾಲೀಮಿನಲ್ಲಿ ಅಪ್ಪನನ್ನು ನಗಿಸಿ ನೋಡಿದೆ, ಮುಖ ತಿರುಗಿಸಿ ನೋಡಿದೆ, ಕಲ್ಲಿನಂತೆ ಕೂರಿಸಿ ನೋಡಿದೆ. ಮೈ ಯಾವುದನ್ನೂ ಒಪ್ಪಲಿಲ್ಲ. ಗುರುತು ಸಿಕ್ಕಿದ ಮನುಷ್ಯನ ಕತ್ತು ಬೇರೆ, ಸಿಗದವನ ಕತ್ತು ಬೇರೆ.

ತಿತಿಮತಿ ದಾಟಿ ದೇವರಪುರ ಸಮೀಪಿಸುವಾಗ ಬಸ್ಸು ನಿಂತಿತು. ಹಬ್ಬದ ದಿನವನ್ನೇ ನೋಡಿ ಹೊರಟಿದ್ದೆ. ರಸ್ತೆ ತುಂಬ ಸೀರೆ, ಡಬ್ಬ, ಮಸಿ. ಒಂದು ಗುಂಪು ಬಸ್ಸು ಹತ್ತಿ ಕಂಡಕ್ಟರನನ್ನು ಹಿಡಿಯಿತು.

"ಚಿಲ್ಲರೆ ಇಲ್ಲ ಅಂತ ದಿನಾ ಸುಳ್ಳು ಹೇಳ್ತೀಯಲ್ಲ, ನಿನ್ನ ಚೀಲಕ್ಕೆ ಹೆಗ್ಗಣ ಬೀಳ!"

"ಬಿದ್ದದ್ದಕ್ಕೇ ಚಿಲ್ಲರೆ ಇಲ್ಲ ಮಾರಾಯ," ಎಂದು ಕಂಡಕ್ಟರ್ ನಕ್ಕು ಕೈ ಬಿಚ್ಚಿದ.

ಹಸಿರು ಸೀರೆಯವನೊಬ್ಬ, ಎದೆಗೆ ತೆಂಗಿನ ಚಿಪ್ಪು ಕಟ್ಟಿಕೊಂಡವನು, ನನ್ನ ಮುಂದೆ ನಿಂತ. "ಕಪ್ಪು ಕನ್ನಡಕದ ಗೂಬೇ, ಕೊಡೋಕೆ ಕೈ ಬರಲ್ವಾ? ಕೈಯನ್ನ ಹೆಂಡ್ತಿ ಬೀರುಲಿಟ್ಟು ಬೀಗ ಹಾಕಿದಾಳಾ?" ನನ್ನ ಮೈ ಜುಮ್ಮೆಂದಿತು. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಯಿತೆಂದು ಹೇಳಿ ಇನ್ನಷ್ಟು ಬಯ್ಯಿಸಿಕೊಳ್ಳೋಣವೆನ್ನಿಸಿ ಕನ್ನಡಕ ತೆಗೆದೆ. ಅದೇ ತಪ್ಪಾಯಿತು.

"ಏಯ್, ನಿಲ್ಸ್ರೋ. ಟಿವಿ ಮಾಸ್ಟ್ರು ಇವ್ರು! ಸಾರಿ ಸಾರ್, ಗೊತ್ತಾಗ್ಲಿಲ್ಲ."

ಡಬ್ಬದ ಸದ್ದು ನಿಂತಿತು. ಮಸಿ ಬಳಿದ ಮುಖಗಳು ಒಂದೊಂದಾಗಿ ನನ್ನ ಭುಜದ ಪಕ್ಕ ಬಂದು ಫೋಟೋ ತೆಗೆಸಿಕೊಂಡವು. "ನಿಮ್ಮ ಸ್ಟೆಪ್ ಒಂದ್ಸಲ ಸಾರ್," ಎಂದರು. ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ ಬೆರಳ ತುದಿಯಲ್ಲೇ ಬೇಗ ಬೇಗ ಕಾಲು ಬದಲಿಸುವ ಹೆಜ್ಜೆ ಅದು. ತೀರ್ಪುಗಾರರು ಅದನ್ನು ನನ್ನ ಸ್ವಂತ ಶೈಲಿ ಎಂದು ಹೊಗಳಿದ್ದರು. ಸೀಟುಗಳ ನಡುವೆ ನಿಂತು ಕುಣಿದೆ. ಚಪ್ಪಾಳೆ ಬಿತ್ತು. ದೇವರನ್ನೂ ಬಿಡದ ಹಬ್ಬ ನನ್ನನ್ನು ಬಿಟ್ಟುಬಿಟ್ಟಿತ್ತು.

ಮುತ್ತನ ಬಗ್ಗೆ ಕೇಳಿದೆ. "ಅವ ಈಗ ಹಬ್ಬಕ್ಕೆ ಬರಲ್ಲ ಸಾರ್," ಎಂದ ಹಸಿರು ಸೀರೆಯವನು. "ಕೇರಳ ಬಾರ್ಡರಿನ ಮಾಕುಟ್ಟ ಗೇಟಲ್ಲಿ ಫಾರೆಸ್ಟ್ ವಾಚರ್. ಡ್ಯೂಟಿ ಬಿಡೋಕಾಗಲ್ಲ. ಅಲ್ಲೇ ಸಂಸಾರ."

ಆ ದಿನ ಗೋಣಿಕೊಪ್ಪಲಿನಲ್ಲೇ ಉಳಿದೆ. ಲಾಡ್ಜಿನ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಕ್ಯಾಸೆಟ್ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು, ಅಥವಾ ಕ್ಯಾಸೆಟ್ ಅಂಗಡಿ ಇದ್ದದ್ದು ಅದರ ಪಕ್ಕದ ಬೇಕರಿಯ ಜಾಗದಲ್ಲಿ. ಎರಡರ ಮುಂದೆಯೂ ನಿಂತು ನೋಡಿದೆ, ಕಾಲಿಗೆ ಏನೂ ಹೊಳೆಯಲಿಲ್ಲ. ಇಲ್ಲಿಂದ ಮೈಸೂರಿಗೆ ಹೋಗಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಕುಣಿದೆ, ಆಮೇಲೆ ಬೆಂಗಳೂರಿನಲ್ಲಿ ಸಿನಿಮಾ ಹಾಡುಗಳ ಹಿಂದಿನ ಸಾಲಿನಲ್ಲಿ, ಆಮೇಲೆ ಡ್ಯಾನ್ಸ್ ಮಾಸ್ಟರಿಗೆ ಸಹಾಯಕನಾಗಿ. ಹೇಳುವಾಗ ಏಣಿಯ ಹಾಗೆ ಕೇಳುತ್ತದೆ. ಹತ್ತುವಾಗ ಏಣಿ ಇರಲಿಲ್ಲ. ಬಿದ್ದಲ್ಲಿಂದ ಎದ್ದು ಇನ್ನೊಂದು ಕಡೆ ಬಿದ್ದೆ, ಅಷ್ಟೆ. ಹೋಟೆಲಿನಲ್ಲಿ ಪರೋಟ ತಿಂದೆ. ಎದುರು ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಮರ್ಯಾದೆಗೆ ಇರಬೇಕು.

ಮರುದಿನ ಬೆಳಿಗ್ಗೆ ವಿರಾಜಪೇಟೆಗೆ ಹೋಗಿ ಕಣ್ಣೂರಿನ ಬಸ್ಸು ಹಿಡಿದೆ. ಮಾಕುಟ್ಟ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್. ಪೆರುಂಬಾಡಿ ಕಳೆದ ಮೇಲೆ ರಸ್ತೆ ಕಾಡಿನೊಳಗೆ ಇಳಿಯುತ್ತಲೇ ಹೋಯಿತು. ತಿರುವಿಗೊಮ್ಮೆ ಕಿವಿ ಮುಚ್ಚಿ ತೆರೆಯುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ಮಲಯಾಳದಲ್ಲಿ ಮಾತಾಡುತ್ತಿದ್ದರು, ಯಾರೂ ನನ್ನನ್ನು ನೋಡಲಿಲ್ಲ. ಕೆಳಗಿಳಿದಂತೆ ಗಾಳಿ ಬೆಚ್ಚಗಾಗಿ ಅಂಗಿ ಬೆನ್ನಿಗೆ ಅಂಟಿತು.

ಚೆಕ್‌ಪೋಸ್ಟಿನಲ್ಲಿ ಇಳಿದವನು ನಾನೊಬ್ಬನೇ. ಖಾಕಿ ಅಂಗಿಯ, ತಲೆ ನರೆತವನೊಬ್ಬ ಮುಂದೆ ಬಂದ. "ಬ್ಯಾಗಲ್ಲಿ ಪ್ಲಾಸ್ಟಿಕ್ ಉಂಟಾ?"

"ಇಲ್ಲ ಮುತ್ತ."

ಅವನು ನನ್ನ ಮುಖಕ್ಕೆ ಬಗ್ಗಿ ನೋಡಿದ. "ಅಯ್ಯೋ, ಮಾಸ್ಟ್ರೇ! ನೀವಾ?" ಬ್ಯಾಗು ಕಿತ್ತುಕೊಂಡು ಹಿಂದಿನ ಮನೆಗೆ ನಡೆದ. ನಾನು 'ನೀವು' ಆಗಿಬಿಟ್ಟಿದ್ದೆ.

ಅವನ ಹೆಂಡತಿ ಲೀಲಾ ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ, ಕರಿ ಕಾಫಿ ಇಟ್ಟಳು. "ನಿಮ್ಮನ್ನ ಟಿವಿಲಿ ನೋಡೋಕೆ ಇವ್ರು ಅಕ್ಕಪಕ್ಕದವರನ್ನೆಲ್ಲ ಕರೀತಾರೆ ಅಣ್ಣ," ಎಂದಳು. ಮುತ್ತ ಅವಳತ್ತ ಕಣ್ಣು ಬಿಟ್ಟ.

ತಿನ್ನುತ್ತಾ ಕೇಳಿಯೇಬಿಟ್ಟೆ. "ಜೀಪು ಅಡ್ಡ ಹಾಕಿದ್ವಲ್ಲ, ಆ ದಿನ ನಮ್ಮಪ್ಪ ನನ್ನ ಗುರುತು ಹಿಡಿದ್ರಾ?"

ಮುತ್ತ ಗೆಣಸಿನ ನಾರನ್ನು ತೆಗೆದು ತಟ್ಟೆಯ ಅಂಚಿಗಿಟ್ಟ. "ಇಷ್ಟು ಕೇಳೋಕೆ ಇಲ್ಲಿವರೆಗೆ ಬಂದ್ರಾ? ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?"

"ನಿನ್ನ ನಂಬರ್ ಇರಲಿಲ್ಲ."

"ನನ್ನ ಹತ್ರ ನಿಮ್ಮದಿತ್ತು. ವೋಟು ಹಾಕಿ ಅಂತ ಟಿವಿ ಕೆಳಗೆ ಬರ್ತಿತ್ತಲ್ಲ, ಅದು." ಲೀಲಾ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ಪ್ರದರ್ಶನದ ವಿಷಯ ಹೇಳಿದೆ. ಅಪ್ಪ ಎಲ್ಲಿ ನೋಡುತ್ತಿದ್ದರು ಎಂಬುದು ಗೊತ್ತಿಲ್ಲದೆ ಅವರಾಗಿ ನಿಲ್ಲಲು ಆಗುತ್ತಿಲ್ಲವೆಂದೆ. ಮುತ್ತ ಕೈ ತೊಳೆದು ಬಂದ. ಸ್ಟೂಲನ್ನು ಅಂಗಳಕ್ಕೆ ಎಳೆದು ಅದರ ಮೇಲೆ ಕೂತ, ಮಡಿಚಿದ ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡ. ಅಪ್ಪನ ಛತ್ರಿಯನ್ನು ನಾನು ಪೂರಾ ಮರೆತಿದ್ದೆ.

"ರೈಟ್ರು ಹೀಗೆ ಕೂತಿದ್ರು. ನೀನು ಬಾಗಿಲ ಹತ್ರ ಕಿರುಚ್ತಿದ್ದೆ. ಅವರು ನಿನ್ನ ಮುಖ ನೋಡ್ಲೇ ಇಲ್ಲ. ಕಾಲು ನೋಡಿದ್ರು." ಅವನು ತಲೆ ತಗ್ಗಿಸಿದ. ಕತ್ತು ಒಂದಿಷ್ಟು ಎಡಕ್ಕೆ ವಾಲಿತು. "ಮುಖಕ್ಕೆ ಮಸಿ ಬಳಿದಿದ್ದೆ, ಕೈಗೆ ಬಳಿದಿದ್ದೆ. ಕಾಲು ಮರ್ತಿದ್ದೆ ಮಾರಾಯ! ಬೂಟಿನೊಳಗೆ ಬೆಳೆದ ಕಾಲು, ಸುಲಿದ ಹಲಸಿನ ಬೀಜದ ಹಾಗೆ ಬೆಳ್ಳಗೆ. ಕಾಲುಚೀಲದ ಗೆರೆ ಬೇರೆ. ನಮಗೆ ಬರಿಗಾಲು ಅಭ್ಯಾಸ. ನಿನಗೆ ಟಾರು ಸುಡ್ತಿತ್ತು. ಕಾದ ಹೆಂಚಿನ ಮೇಲಿನ ಕೋಳಿ ಹಾಗೆ ಹಿಮ್ಮಡಿ ಎತ್ತೆತ್ತಿ ಇಡ್ತಿದ್ದೆ. ಈಗ ಅದನ್ನೇ ಸ್ಟೆಪ್ ಅಂತೀಯ."

"ಆಮೇಲೆ?"

"ಆಮೇಲೆಂತ? ಕಾಲು ನೋಡಿದ್ರು, ಸುಮಾರು ಹೊತ್ತು. ಕಾಸು ನನ್ನ ಕೈಗೆ ಹಾಕಿದ್ರು. ಡ್ರೈವರಿಗೆ ಹೇಳಿದ್ರು, ನಿಧಾನ ಬಿಡು, ಅಲ್ಲಿ ಕಾಲು ಉಂಟು ಅಂತ."

ಗೇಟಿನ ಹತ್ತಿರ ಲಾರಿಯೊಂದು ಹಾರ್ನ್ ಹಾಕಿತು.

"ಹೋದ ಸಲ ಹೇಳುವಾಗ ರೈಟ್ರು ಛತ್ರಿ ಎತ್ತಿ ಹೊಡೆಯೋಕೆ ಬಂದ್ರು ಅಂದಿದ್ರಲ್ಲ ನೀವು?" ಎಂದಳು ಲೀಲಾ, ತಟ್ಟೆ ಎತ್ತುತ್ತಾ. "ಅದಕ್ಕೆ ಮುಂಚೆ, ಜೀಪು ನಿಲ್ಲಿಸ್ಲೇ ಇಲ್ಲ ಅಂದಿದ್ರಿ."

ಮುತ್ತ ಛತ್ರಿಯನ್ನು ಗೋಡೆಗೆ ಆನಿಸಿಟ್ಟ. "ಅದು ಬೇರೆಯವರಿಗೆ ಹೇಳೋದು," ಎಂದ. "ಇವನಿಗೆ ಹೇಳೋದು ಇದು."

ಅಷ್ಟು ಹೇಳಿ ಲಾರಿ ನೋಡಲು ಹೋದ.

ನಾನು ಖಾಲಿ ಸ್ಟೂಲಿನ ಎದುರು ಕೂತಿದ್ದೆ. ಅಂದು ಮನೆಯಲ್ಲಿ ಯಾರೋ ಬಿಸಿನೀರಿಗೆ ಉಪ್ಪು ಹಾಕಿ, ಕಾಲು ಅದ್ದಲೆಂದು ಬೋಗುಣಿಯನ್ನು ನನ್ನ ಮಂಚದ ಕೆಳಗೆ ತಳ್ಳಿದ್ದರು ಎಂಬುದು ಆಗ ನೆನಪಾಯಿತು. ಅದು ಅಮ್ಮನ ಕೈಯೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅಥವಾ ಇಷ್ಟು ವರ್ಷ ಏನೂ ಅಂದುಕೊಂಡಿರಲಿಲ್ಲ, ಬೋಗುಣಿ ಆ ಅಂಗಳದಲ್ಲಿ ಆಗ ತಾನೇ ಹುಟ್ಟಿತು. ಕೇಳಿದ ಕಥೆಗೆ ಮೈ ಎಷ್ಟು ಬೇಗ ಸಾಕ್ಷಿ ಹೇಳುತ್ತದೆಂಬುದು ನನಗೆ ಗೊತ್ತು. ಅದೇ ನನ್ನ ಕಸುಬು. ಮುತ್ತ ಹೇಳಿದ್ದು ನಡೆದದ್ದೋ, ಇಷ್ಟು ದೂರ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕೊಟ್ಟದ್ದೋ? ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ.

ಮಧ್ಯಾಹ್ನದ ಬಸ್ಸು ಕೇರಳದ ಕಡೆಯಿಂದ ಬಂದು ನಿಂತಿತು. ಬಾಗಿಲ ಹತ್ತಿರದ ಸೀಟು ಸಿಕ್ಕಿತು. ಮುತ್ತ ಕಿಟಕಿಯ ಕೆಳಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತ.

"ಹೋಗೋ ಕಳ್ಳ ರೈಟ್ರ ಮಗನೇ! ಟಿವಿಲಿ ಮೂಗು ಒರೆಸ್ಕೊಂಡು ಅಳ್ತೀಯಲ್ಲ, ಕರ್ಚೀಫ್ ಕೊಟ್ಟವರು ವಾಪಸ್ ಕೇಳಲ್ವಾ? ಕೋಳಿ ಕಾಲಿನವನೇ, ಸಿನಿಮಾದಲ್ಲಿ ಅರ್ಧಕ್ಕೇ ಸಾಯ್ತೀಯ, ಪೂರ್ತಿ ಟಿಕೆಟ್ಟಿಗೆ ದುಡ್ಡು ಕೊಟ್ಟವರು ಎಂತ ಮಾಡೋದು?"

ಬಸ್ಸಿನವರೆಲ್ಲ ತಿರುಗಿ ನೋಡಿದರು. "ಹಬ್ಬ ನಿನ್ನೆಗೇ ಮುಗೀತು ಮುತ್ತ," ಎಂದೆ.

"ನಿನ್ನೆ ನನಗೆ ಡ್ಯೂಟಿ," ಎಂದ ಅವನು. ಗೇಟು ಎತ್ತಿದ. ಅವನು ಗುಡಿಗೆ ಹೋಗಿ ತಪ್ಪಾಯಿತೆನ್ನುವ ದಿನ ಕಳೆದುಹೋಗಿತ್ತು. ಈ ಬಯ್ಗುಳ ಹಾಗೇ ಉಳಿಯಿತು.

ಬಸ್ಸು ಏರು ಹಿಡಿಯಿತು. ಹಿಂದಿನ ಗಾಜಿನಲ್ಲಿ ಖಾಕಿ ಅಂಗಿ ಒಂದು ತಿರುವಿನವರೆಗೆ ಕಂಡಿತು, ಆಮೇಲೆ ಬರೀ ಮರ. ನಾನು ಬ್ಯಾಗನ್ನು ತೊಡೆಯ ಮೇಲೆ ಛತ್ರಿಯಂತೆ ಅಡ್ಡಕ್ಕಿಟ್ಟುಕೊಂಡು ಬಾಗಿಲಿನತ್ತ ತಿರುಗಿ ತಲೆ ತಗ್ಗಿಸಿದೆ, ಕತ್ತನ್ನು ಒಂದಿಷ್ಟು ಎಡಕ್ಕೆ ವಾಲಿಸಿದೆ. ಮೈ ಬೇಡ ಎನ್ನಲಿಲ್ಲ. ಕೆಳಗೆ ಬಾಗಿಲ ಮೆಟ್ಟಿಲಿತ್ತು, ಅದರ ಮೇಲೆ ಒಣಗಿದ ಕೆಸರು, ಯಾರ ಕಾಲೂ ಇರಲಿಲ್ಲ.

ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರ್ ನಿಂತು ತಾನೂ ಬಗ್ಗಿ ನೋಡಿದ. "ಎಂತ ಬಿತ್ತು ಸಾರ್?"

"ಎಂತ ಇಲ್ಲ," ಎಂದೆ. ಪೆರುಂಬಾಡಿ ಬರುವವರೆಗೂ ತಲೆ ಎತ್ತಲಿಲ್ಲ.